ಅಮ್ಮನಿಗೆ ಸಂದೇಹ, ನನಗೆ ಸುಸ್ತು

ನಿಮ್ಮ ಮನೆಯಲ್ಲಿ ದೇವರ ಖಾತೆ ಯಾರ ಹತ್ತಿರ ಇದೆ? ಸುಳ್ಳು ಹೇಳಬೇಡಿ. ಅಮ್ಮನ ಹತ್ತಿರವೋ ಹೆಂಡತಿಯ ಹತ್ತಿರವೋ ಇರುತ್ತದೆ. ಅವರು ಬೆಳಗ್ಗೆ ಎದ್ದು ಹೂ ಬಿಡಿಸಿ, ದೀಪ ಹಚ್ಚಿ, ಗಂಟೆ ಬಾರಿಸುತ್ತಾರೆ. ನಾವು ಸ್ನಾನ ಮುಗಿಸಿ ಬಂದು ಮಂಗಳಾರತಿಯನ್ನು ಕಣ್ಣಿಗೊತ್ತಿಕೊಂಡು, ಮಹಾ ದೈವಭಕ್ತರಾಗಿ ಆಫೀಸಿಗೆ ಹೊರಡುತ್ತೇವೆ. ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯಲ್ಲೂ ಈ ಏರ್ಪಾಡು ಸುಸೂತ್ರವಾಗಿಯೇ ನಡೆದಿತ್ತು. ಆಷಾಢ ಹುಟ್ಟುವ ಹೊತ್ತಿಗೆ ಎಪ್ಪತ್ತೈದು ದಾಟಿದ ನಮ್ಮಮ್ಮ ಹುರುಳಿಕಾಯಿ ನಾರು ತೆಗೆಯುತ್ತ ತಣ್ಣಗೆ ಹೇಳಿದಳು: “ದೇವರು ಇದ್ದಾನೆ ಅಂತ ನಂಗೆ ಈಗೀಗ ಅನ್ನಿಸ್ತಾನೇ ಇಲ್ಲ ಕಣೋ. ನಾಳೆಯಿಂದ ಪೂಜೆ ನೀನೇ ನೋಡ್ಕೊ.”

ಕಾರಣ ಹುಡುಕಿದೆ. ದಿಂಬಿನ ಪಕ್ಕದಲ್ಲಿ ಎ.ಎನ್. ಮೂರ್ತಿರಾಯರ ‘ದೇವರು’ ಇತ್ತು. ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ರಾಯರ ಈ ಪುಸ್ತಕ ಹೊರಬಂದದ್ದು 1991ರಲ್ಲಿ. ಉಳಿದವರು ಜಪಮಾಲೆ ಹಿಡಿಯುವ ವಯಸ್ಸಿನಲ್ಲಿ ಅವರು ದೇವರಿಗೇ ಪ್ರಶ್ನೆಪತ್ರಿಕೆ ಹಿಡಿದಿದ್ದರು. “ಇದನ್ನ ಓದಿ ಹೀಗಾದ್ಯಾ?” ಎಂದೆ. “ಅನುಮಾನ ಮೊದಲೇ ಇತ್ತು. ಇವರು ಧೈರ್ಯ ಕೊಟ್ರು ಅಷ್ಟೆ” ಎಂದಳು. ಪುಸ್ತಕ ತಂದಿಟ್ಟವನು ನಾನೇ. ಕಪಾಟಿನಲ್ಲಿ ಚೆನ್ನಾಗಿ ಕಾಣುತ್ತದೆಂದು ತಂದಿದ್ದೆ. ಯಾರಾದರೂ ಓದುತ್ತಾರೆಂಬ ಕಲ್ಪನೆ ನನಗಿರಲಿಲ್ಲ.

ನಾನು ವಿಶಾಲ ಮನಸ್ಸಿನ ಮನುಷ್ಯ. ಅಮ್ಮನ ಸಂದೇಹಕ್ಕೆ ಗೌರವ ಕೊಡಲೇಬೇಕೆಂದು ತೀರ್ಮಾನಿಸಿದೆ. ಮೊದಲ ದಿನವೇ ಗಂಟೆಯ ನಾಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಸದ್ದಿಲ್ಲದೆ ಅಲ್ಲಾಡಿಸಿದೆ. ನಡುಮನೆಯಿಂದ ಅಮ್ಮನ ದನಿ ಬಂತು: “ನೆಟ್ಟಗೆ ಬಾರಿಸೋ. ನಿನ್ನ ಗಂಟೆಗೆಲ್ಲ ನನ್ನ ಸಂದೇಹ ಬೆಚ್ಚಿಬೀಳಲ್ಲ.”

ಬಾರಿಸಿದೆ. ಆದರೆ ಮಂತ್ರ? ಎಲ್ಲ ಶ್ಲೋಕಗಳ ಮೊದಲ ಸಾಲು ನನಗೆ ಬರುತ್ತದೆ. ಎರಡನೆಯದು ಯಾವುದೂ ಬರುವುದಿಲ್ಲ. ಫೋನಿನಲ್ಲಿ ವಿಷ್ಣುಸಹಸ್ರನಾಮ ಹಾಕಿ, ಕಣ್ಣು ಮುಚ್ಚಿ, ಆರತಿ ಎತ್ತಿದೆ. ನಡುವೆ ಜಾಹೀರಾತು ನುಗ್ಗಿತು. ನಾನು ಪರವಶನಾಗಿ ಆರತಿ ಬೆಳಗಿದ್ದು ಯಾವುದೋ ಗೃಹಸಾಲಕ್ಕೆ. ಬಡ್ಡಿದರ ಕೇಳಿಬಂದಾಗ “ಗೋವಿಂದಾ” ಎಂದೆ. ಅದೊಂದೇ ಆವತ್ತು ಮನಃಪೂರ್ವಕವಾಗಿ ಬಂದದ್ದು.

ಮರುದಿನ ಮಾನ ಉಳಿಸಿಕೊಳ್ಳಲು ಪಾಂಡಿತ್ಯಕ್ಕೆ ಕೈಹಾಕಿದೆ. ಆರತಿ ತಟ್ಟೆ ಹಿಡಿದೇ ಅಮ್ಮನಿಗೆ ಭಾಷಣ ಶುರು ಮಾಡಿದೆ: “ಸಂದೇಹ, ನಂಬಿಕೆ ಒಂದೇ ತಲೆಯಲ್ಲಿರಬಹುದಮ್ಮ. ನಮ್ಮೂರಿನ ಕುವೆಂಪು ಅವರನ್ನೇ ನೋಡು. ರಾಮಕೃಷ್ಣಾಶ್ರಮದಲ್ಲಿದ್ದವರು, ಪರಮಹಂಸರ ಜೀವನಚರಿತ್ರೆ ಬರೆದವರು. ಆದರೂ 1966ರಲ್ಲಿ ಮಗ ತೇಜಸ್ವಿಯವರಿಗೆ ಪುರೋಹಿತರಿಲ್ಲದೆ ಮಂತ್ರಮಾಂಗಲ್ಯದ ಮದುವೆ ಮಾಡಿಸಿದವರು!” ‘ಮಾಡಿಸಿದವರು’ ಎನ್ನುವಾಗ ಆವೇಶದಲ್ಲಿ ಕೈ ಬೀಸಿದೆ. ಉರಿಯುವ ಕರ್ಪೂರ ಹಾರಿ ಒಂಟಿಕೊಪ್ಪಲ್ ಪಂಚಾಂಗದ ಮೇಲೆ ಬಿತ್ತು. ಆಷಾಢ ಮಾಸ ಪೂರ್ತಿ ಭಸ್ಮ. ಶ್ರಾವಣಕ್ಕೆ ಹಬ್ಬುವಷ್ಟರಲ್ಲಿ ಅಮ್ಮ ಅಭಿಷೇಕದ ಚೊಂಬಿನ ನೀರು ಸುರಿದು, “ಈಗ ರಾಹುಕಾಲ ಯಾವಾಗ ಅಂತ ನಿನಗೆ ಹೇಗೆ ಗೊತ್ತಾಗುತ್ತೋ?” ಎಂದು ಕನಿಕರದಿಂದ ಕೇಳಿದಳು.

ಇನ್ನು ನೆಂಟರು. ಆಷಾಢ ಶುಕ್ರವಾರ ಬಂದ ಚಿಕ್ಕಮ್ಮ “ಅಕ್ಕ ಯಾಕೆ ಚಾಮುಂಡಿ ಬೆಟ್ಟಕ್ಕೆ ಬರಲ್ಲ?” ಎಂದರು. ಅಮ್ಮನನ್ನು ಕಾಪಾಡುವ ಭರದಲ್ಲಿ “ಮಂಡಿನೋವು” ಎಂದೆ. ಸಂಜೆಯೊಳಗೆ ಮನೆಗೆ ತರಾವರಿ ಎಣ್ಣೆ ಬಂತು. ನೆಟ್ಟಗೆ ಓಡಾಡುತ್ತಿದ್ದ ಅಮ್ಮನನ್ನು ಕಂಡು ಎಲ್ಲರೂ ಎಣ್ಣೆಯ ಮಹಿಮೆ ಕೊಂಡಾಡಿದರು. ಮುಂದಿನ ವಾರ “ಮೌನವ್ರತ” ಎಂದೆ. ಒಳಗಿನಿಂದ ಅಮ್ಮ “ಕಾಫಿಗೆ ಸಕ್ಕರೆ ಎಷ್ಟು?” ಎಂದು ಕೂಗಿದಳು. ಆಮೇಲೆ ತಾನೇ ಬಂದು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಚಿಕ್ಕಮ್ಮ ಒಂದು ನಿಮಿಷ ಯೋಚಿಸಿ, “ನಂಗೂ ಒಂದೊಂದು ದಿನ ಹಾಗನ್ನಿಸುತ್ತೆ ಅಕ್ಕ” ಎಂದು ಕಾಫಿ ಕುಡಿದರು. ನನ್ನ ಸುಳ್ಳುಗಳೆಲ್ಲ ದಂಡ!

ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ವರ್ಷ ನಾನು ಅಮ್ಮನ ನಂಬಿಕೆಯನ್ನು ನಂಬಿಕೊಂಡು ಬದುಕಿದ್ದೆ. ದೇವರ ಜೊತೆ ನನಗೆ ನೇರ ಪರಿಚಯವೇ ಇರಲಿಲ್ಲ. ಆ ನಂಬಿಕೆ ಅವಳ ಕೈ ಬಿಟ್ಟುಹೋದ ಮೇಲೆ ನನ್ನದು ಅಂತ ಏನಾದರೂ ಉಳಿದಿದೆಯೇ? ಹೆದರಿಕೆಯಾಯಿತು. ಹೆದರಿದ ಮನುಷ್ಯ ಏನು ಮಾಡುತ್ತಾನೆ? ಹರಕೆ ಹೊರುತ್ತಾನೆ. “ತಾಯಿ ಚಾಮುಂಡಿ, ಅಮ್ಮನಿಗೆ ನಂಬಿಕೆ ವಾಪಸ್ ಕೊಡು. ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿ ಬೆಟ್ಟ ಹತ್ತುತ್ತೇನೆ” ಎಂದುಬಿಟ್ಟೆ. ಸಾವಿರ ಚಿಲ್ಲರೆ ಮೆಟ್ಟಿಲು ಎಂಬುದು ಬೆಳಗಾದ ಮೇಲೆ ನೆನಪಾಯಿತು.

ದೇವರಾಜ ಮಾರುಕಟ್ಟೆಯಿಂದ ಕುಂಕುಮ ತಂದು ಗುಟ್ಟಾಗಿ ಹಾಸಿಗೆ ಕೆಳಗಿಟ್ಟು, ಶ್ರಾವಣದ ಒಂದು ಭಾನುವಾರ ಹೊರಟೆ. ಬಗ್ಗು, ಹಚ್ಚು, ಏಳು, ಹತ್ತು. ನೂರರಲ್ಲಿ ಭಕ್ತಿ, ಮುನ್ನೂರರಲ್ಲಿ ಸೊಂಟ, ಐನೂರರಲ್ಲಿ ಪ್ರಜ್ಞೆ ಹೋಯಿತು. ಏಳುನೂರರ ಆಸುಪಾಸು, ದೊಡ್ಡ ದೇವರಾಜ ಒಡೆಯರ್ ಕಾಲದ ಏಕಶಿಲಾ ನಂದಿಯ ಮುಂದೆ ಕುಸಿದೆ. ಬೆವರನ್ನು ಕುಂಕುಮದ ಕೈಯಲ್ಲೇ ಒರೆಸುತ್ತ ಬಂದಿದ್ದೆನಲ್ಲ, ಮುಖ ಕತ್ತು ಅಂಗಿ ಎಲ್ಲ ಕೆಂಪು. ತಲೆಗೂದಲು ಕೆದರಿತ್ತು, ಬಾಯಿಂದ “ಹೂಂ... ಹೂಂ...” ಎಂಬ ಏದುಸಿರು. ಅಲ್ಲಿದ್ದ ಸಂಸಾರವೊಂದು ಕೈಮುಗಿದು ನಿಂತಿತು. ತಪ್ಪು ಅವರದಲ್ಲ, ಕನ್ನಡಿ ನೋಡಿದ್ದರೆ ನಾನೇ ನನಗೆ ಅಡ್ಡಬೀಳುತ್ತಿದ್ದೆ. “ನಮ್ಮ ಹುಡುಗನಿಗೆ ಕೆಲಸ ಸಿಗುತ್ತಾ ತಾಯಿ?” ಎಂದರು. “ಹೂಂ” ಎಂಬ ಉಸಿರು ಹೊರಟಿತು. ಕೈಗೆ ನಿಂಬೆಹಣ್ಣು ಬಂತು. ಬಾಯಾರಿಕೆ ತಡೆಯಲಾರದೆ ಸಿಪ್ಪೆ ಸಮೇತ ಕಚ್ಚಿ ಹೀರಿದೆ. ಅಲ್ಲಿಗೆ ಯಾರಿಗೂ ಯಾವ ಅನುಮಾನವೂ ಉಳಿಯಲಿಲ್ಲ.

ಅಷ್ಟರಲ್ಲಿ ರಸ್ತೆ ಕಡೆಯಿಂದ ಆಟೋ ಇಳಿದು ಬಂದವಳು ಅಮ್ಮ, ಕೈಯಲ್ಲಿ ಕಾಫಿ ಫ್ಲಾಸ್ಕು. ಹಾಸಿಗೆ ಕೆಳಗಿನ ಕುಂಕುಮ ಅವಳ ಕಣ್ಣಿಗೆ ಬಿದ್ದಿತ್ತೇನೋ. ಜನರನ್ನು ಮೆಲ್ಲಗೆ ಸರಿಸಿ ಹೇಳಿದಳು: “ದೇವರು ಬಂದಿಲ್ಲ ಕಣಮ್ಮ, ಇವನಿಗೆ ಸುಸ್ತು ಬಂದಿದೆ. ದೇವರ ವಿಷಯದಲ್ಲಿ ನಂಗೆ ಸಂದೇಹ ಇದೆ; ಇವನ ವಿಷಯದಲ್ಲಿ ಒಂಚೂರೂ ಇಲ್ಲ. ನಿಮ್ಮ ಹುಡುಗನಿಗೆ ಒಳ್ಳೇದಾಗ್ಲಿ.”

ಕಾಫಿ ಕುಡಿಯುತ್ತ ಹರಕೆಯ ಗುಟ್ಟು ಬಿಚ್ಚಿದೆ. “ನನ್ನನ್ನ ಕೇಳದೆ ನನ್ನ ಹೆಸರಲ್ಲಿ ಅರ್ಜಿ ಹಾಕಿದ್ಯೇನೋ!” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಷ್ಟಕ್ಕೇ ವಾಪಸ್ ಹೋಗೋಣವೇ ಎಂದೆ. “ಊಹೂಂ. ನಾನು ನಂಬಲ್ಲ, ಸರಿ. ಆದರೆ ನಂಬೋನು ಮಾತು ಕೊಟ್ಟು ತಪ್ಪಿಸಿಕೊಳ್ಳೋದನ್ನ ಒಪ್ಪಲ್ಲ. ನಡಿ.” ಉಳಿದ ಮೆಟ್ಟಿಲುಗಳನ್ನು ನಾನೇ ಹತ್ತಿದೆ. ಈಗ ಪೂಜೆ ನನ್ನದೇ. ಅರ್ಧ ನಂಬಿಕೆ, ಅರ್ಧ ಅಭ್ಯಾಸ. ಅಮ್ಮ ಪೇಪರ್ ಓದುತ್ತ ಶ್ಲೋಕದ ಎರಡನೇ ಸಾಲು ಎತ್ತಿಕೊಡುತ್ತಾಳೆ.

ಆದ್ದರಿಂದ ಓದುಗ ಮಹಾಶಯರೇ, ಮನೆಯಲ್ಲಿ ಯಾರಾದರೂ ನಂಬುವುದಿಲ್ಲ ಎಂದರೆ ಅವರ ಪರವಾಗಿ ಸುಳ್ಳು ಹೇಳಬೇಡಿ, ಅವರ ಹೆಸರಲ್ಲಿ ಹರಕೆ ಹೊರಬೇಡಿ. ನಿಮ್ಮ ಲೆಕ್ಕ ನೀವು ನೋಡಿಕೊಳ್ಳಿ. ಅಷ್ಟು ಹೇಳಿಯೂ ಹೊತ್ತೇಬಿಟ್ಟಿರಾದರೆ, ಬಿಸಿಲೇರುವ ಮೊದಲೇ ಮೆಟ್ಟಿಲು ಹತ್ತಿ, ನೀರಿನ ಬಾಟಲಿ ಮರೆಯಬೇಡಿ, ಮತ್ತು ದಯವಿಟ್ಟು ಜೇಬಿನಲ್ಲೊಂದು ಕರವಸ್ತ್ರ ಇಟ್ಟುಕೊಳ್ಳಿ.