ಎಲ್-ಫೋರ್ ಎಲ್-ಫೈವ್ ಕಾಕಾ

ಕೊಡ್ಲಿ ಕ್ರಾಸಿನ ಚಹಾದಂಗಡಿ ಮುಂದೆ ಟೊಂಕದ ಮೇಲೆ ಕೈ ಇಟ್ಟುಕೊಂಡು ಯಾರೂ ನಿಲ್ಲಬಾರದು. ಕಾಕಾ ಬಂದೇಬಿಡುತ್ತಾರೆ. ಕಲಬುರಗಿಗೆ ಹೋಗಿ ಎಂಆರ್‌ಐ ಮಾಡಿಸಿಕೊಂಡ ದಿನದಿಂದ ಸೇಡಂ, ಚಿತ್ತಾಪುರ, ಚಿಂಚೋಳಿಯ ಅಷ್ಟೂ ಟೊಂಕನೋವು ಅವರ ಸುಪರ್ದಿಗೆ ಬಂದಿದೆ.

ಫಿಲ್ಮನ್ನು ಬಿಸಿಲಿಗೆ ಹಿಡಿದು ಬೀಡಿಯ ತುದಿಯಿಂದ ತೋರಿಸುತ್ತಾರೆ. "ಇದು ಎಲ್-ಫೋರ್, ಇದು ಎಲ್-ಫೈವ್. ನಡುವಿನ ಗಾದಿ ಸರದದ. ಹುರಿಗಿ ಒತ್ತಲಾಕತ್ತದ."

ಕೈ ಜೋಮು ಹಿಡಿದರೂ ಅವರ ವಿಳಾಸ ಅದೇ. ಕೈಯ ನರಗಳು ಕುತ್ತಿಗೆ ಕಡೆಯಿಂದ ಹೊರಡುತ್ತವೆ ಎಂದರೆ, "ಹೊರಡ್ತಾವ, ಯಾರು ಇಲ್ಲಂದ್ರು? ಸಪ್ಲಾಯ್ ಕೆಳಗಿಂದೇ ಬರ್ತದ." ಬೆನ್ನುಹುರಿಯಿಂದ 31 ಜೋಡಿ ನರ ಹೊರಡುತ್ತವೆ, ಕುತ್ತಿಗೆಯಲ್ಲಿ ಮೂಳೆ ಏಳು, ನರ ಮಾತ್ರ ಎಂಟು ಜೋಡಿ. ಈ ಲೆಕ್ಕ ಕೇಳಿ ಕಾಕಾ ಕೆಂಡವಾಗಿದ್ದರು: "ಒಂದು ಜಾಸ್ತಿ ಹೆಂಗ? ಬಿಲ್ ಹೆಚ್ಚು ಮಾಡ್ಲಾಕ!"

ಕಾಲಮೇಲೆ ಕಾಲು ಹಾಕಿ ಕುಂತವರ ಮೊಣಕಾಲಿನ ಚಿಪ್ಪಿನ ಕೆಳಗೆ ಚಮಚದಿಂದ ಬಡಿಯುವುದು ಅವರ ಇನ್ನೊಂದು ವಿದ್ಯೆ. ಕಾಲು ಟಪ್ಪನೆ ಒದೆಯುತ್ತದೆ. ಸುದ್ದಿ ಬೆನ್ನುಹುರಿಗೆ ಮುಟ್ಟಿದ್ದೇ ತಡ, ಅಲ್ಲಿಂದಲೇ ಅಪ್ಪಣೆ. ಮೆದುಳನ್ನು ಕೇಳುವ ಪದ್ಧತಿಯಿಲ್ಲ. ಕಾಕಾನ ಮಾತೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ಬರುತ್ತದೆ.

ಇಷ್ಟಾಗಿ ಅವರು ಎತ್ತಿದ ಭಾರವೆಂದರೆ ಚಹಾದ ಬಸಿ. ಶಹಾಬಾದ ಕಡೆ ಪರಸಿ ಬಂಡೆಗೆ ಬೆನ್ನು ಕೊಟ್ಟವರು ಬೇರೆ. ಅವರಿಗೆ ಫಿಲ್ಮು ತೆಗೆಸಲು ರೊಕ್ಕವೂ ಇಲ್ಲ, ಪುರುಸೊತ್ತೂ ಇಲ್ಲ.

ಮೊನ್ನೆ ಸೂಟಿಗೆ ಬಂದಿದ್ದ ನರ್ಸಿಂಗ್ ಓದುವ ಹುಡುಗಿ ಫಿಲ್ಮು ನೋಡಿದಳು. "ಕಾಕಾ, ದೊಡ್ಡವರಾಗ ಹುರಿ ಸುಮಾರು 45 ಸೆಂಟಿಮೀಟರ್, ಎಲ್-ಒನ್ ಎಲ್-ಟೂ ಹತ್ರನೇ ಮುಗೀತದ. ಅದರ ಕೆಳಗ ಬರೇ ನರದ ಗೊಂಚಲು, ಕುದುರಿ ಬಾಲ ಅಂತಾರ. ನಿಮಗ ಒತ್ತಿದ್ದು ಹುರಿ ಅಲ್ಲ, ನರದ ಬೇರು."

ಹುರಿ ಹೋಗಿ ಬರೇ ನರ ಉಳಿದದ್ದು ಕಾಕಾಗೆ ಅಪಮಾನ. "ನಿಮ್ಮ ಪುಸ್ತಕದಾಗ ಮುಗೀತದ ಬೇ. ನಮ್ಮ ಮನಿತನದಾಗ ಹುರಿ ಉದ್ದ."

ಅಷ್ಟರಲ್ಲಿ ಗಣಿ ಕೆಲಸದವನೊಬ್ಬ ಪಾದ ಎಳೆಯುತ್ತ ಬಂದ. ಕಾಕಾ ಕೂಡಲೇ ಎಣ್ಣೆ, ಚಾಪೆ, ಮೂರು ವಾರ ಮಲಗು ಎಂದು ಶುರುಮಾಡಿದರು. ಹುಡುಗಿ ಕೇಳಿದ್ದು ಒಂದೇ: "ಅಣ್ಣಾ, ಒಂದಕ್ಕ ಸರಿ ಹೋಗ್ತದೇನು? ಕೂಡೋ ಜಾಗ ಜೋಮು ಹಿಡದದೇನು?"

"ನಿನ್ನಿಯಿಂದ ಒಂದಕ್ಕ ನಿಂತದವ್ವಾ. ಕುಂತಿದ್ದೇ ಗೊತ್ತಾಗವಲ್ದು."

ಅವಳು ತಡಮಾಡಲಿಲ್ಲ. ಆ ಗೊಂಚಲು ಪೂರಾ ಒತ್ತಿಹೋದರೆ ಮೂತ್ರದ ಹಿಡಿತ, ಕಾಲಿನ ಬಲ ಎರಡೂ ಕಾಯಂ ಹೋಗಬಹುದು, ಎಣ್ಣೆಗೆ ಅದು ಬಗ್ಗುವುದಿಲ್ಲ. ಕಲಬುರಗಿ ಕಡೆ ಹೊರಟಿದ್ದ ಕ್ರೂಸರ್ ನಿಲ್ಲಿಸಿ ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ನೋಡಿದರೆ ಡ್ರೈವರ್ ಪಕ್ಕ ಕಾಕಾ ಆಗಲೇ ಕುಂತಿದ್ದರು.

"ನನಗೂ ಒಂದ್ಸಲ ತೋರಿಸ್ಬೇಕು. ಹಿಂದ ಕುಂತ್ರ ಭಾಳ ಕುಲುಕಾಡ್ತದ."