ಅರಸೀಕೆರೆ–ಹಳೇಬೀಡು ವಿಮಾನಯಾನ ಮೀಮಾಂಸೆ

ಅರಸೀಕೆರೆಯಿಂದ ಹಳೇಬೀಡಿಗೆ ವಿಮಾನದಲ್ಲಿ ಎಷ್ಟು ಹೊತ್ತಿನ ದಾರಿ? ಎರಡೂ ಊರುಗಳಲ್ಲಿ ವಿಮಾನ ನಿಲ್ದಾಣವಿಲ್ಲ ಎಂಬ ಕ್ಷುಲ್ಲಕ ಕಾರಣಕ್ಕೆ ವಿದ್ವಾಂಸರು ಈ ಪ್ರಶ್ನೆಯನ್ನು ಮುಟ್ಟಿಲ್ಲ. ಆ ಕಳಂಕವನ್ನು ತೊಳೆಯಲೆಂದೇ ಈ ಪ್ರಬಂಧ.

ಮೊದಲು, ಅಳತೆ ಎಲ್ಲಿಂದ? ಊರಿಗೆ ಹೆಸರು ಕೊಟ್ಟ ಅರಸಿಯ ಕೆರೆಯಿಂದ ಎಂಬುದು ಒಂದು ಪಕ್ಷ. ಹೊಯ್ಸಳರ ಕಾಲದ ಶಿವಾಲಯದಿಂದ ಎಂಬುದು ಇನ್ನೊಂದು. ಆದರೆ ಸುಮಾರು 1220ರ ಆ ಗುಡಿಯ ತಳವಿನ್ಯಾಸ ಹದಿನಾರು ಮೂಲೆಯ ನಕ್ಷತ್ರವಾದ್ದರಿಂದ, ಯಾವ ಮೂಲೆಯಿಂದ ಎಂಬಲ್ಲಿ ಆ ಪಕ್ಷವೇ ಒಡೆದು ಹದಿನಾರಾಯಿತು. ನಾನು ರೈಲು ನಿಲ್ದಾಣವನ್ನು ಹಿಡಿದೆ. ಬೆಂಗಳೂರು, ಹುಬ್ಬಳ್ಳಿ, ಮೈಸೂರು, ಎಲ್ಲ ಕಡೆಗೂ ಹಳಿ ಹೊರಡುವ ಜಂಕ್ಷನ್ ಅದು. ಹಳೇಬೀಡಿನ ಕಡೆಗೆ ಮಾತ್ರ ಇಲ್ಲ.

ಇಂಗ್ಲಿಷರು ನೇರ ದೂರವನ್ನು ಕಾಗೆ ಹಾರಿದಷ್ಟು ಎನ್ನುತ್ತಾರೆ. ಅವರು ನಮ್ಮ ಪ್ಲಾಟ್‌ಫಾರಂ ಕಾಗೆಯನ್ನು ಕಂಡವರಲ್ಲ. ಅದು ನೇರ ಹಾರುವುದು ಇಡ್ಲಿ ವಡೆ ಬುಟ್ಟಿಯ ಕಡೆಗೆ ಮಾತ್ರ. ಹೀಗಾಗಿ ಕಾಗೆಯನ್ನು ಕೈಬಿಟ್ಟು ಅಕ್ಷಾಂಶ ರೇಖಾಂಶಗಳ ಮೊರೆಹೊಕ್ಕೆ: ನೇರ ದೂರ ಸುಮಾರು 30 ಕಿಲೋಮೀಟರ್. ಗಂಟೆಗೆ 800 ಕಿಲೋಮೀಟರ್ ವೇಗಕ್ಕೆ ಎರಡೂಕಾಲು ನಿಮಿಷ. ಆದರೆ ಏರಲು ಇಳಿಯಲು ಅರ್ಧ ಗಂಟೆ ಸೇರಿಸುವುದು ಲೆಕ್ಕಿಗರ ಸಂಪ್ರದಾಯ. ದೊಡ್ಡ ವಿಮಾನ ಆ ವೇಗ ಮುಟ್ಟುವಷ್ಟರಲ್ಲಿ ಹಳೇಬೀಡು ಹಿಂದಾಗಿ, ಬೇಲೂರೂ ದಾಟಿ, ಘಟ್ಟ ಕಾಣುತ್ತಿರುತ್ತದೆ. 'ಹೋಲ್ಡಾನ್' ಎಂದು ಸೀಟಿ ಊದಲು ಕಂಡಕ್ಟರ್ ಇಲ್ಲ.

ಇಲ್ಲಿ ಪೂರ್ವಪಕ್ಷದವರು ಎದ್ದು, ಹಳೇಬೀಡಿನಲ್ಲಿ ವಿಮಾನವಿಲ್ಲ ಎಂದವರಾರು ಎಂದು ಗದರಿಸುತ್ತಾರೆ. ನಿಜವೇ. ಗರ್ಭಗುಡಿಯ ಮೇಲಣ ಕಟ್ಟಡಕ್ಕೆ ವಾಸ್ತುಶಾಸ್ತ್ರದಲ್ಲಿ ವಿಮಾನವೆಂದೇ ಹೆಸರು. ಹೊಯ್ಸಳೇಶ್ವರದಲ್ಲಿ ಗರ್ಭಗುಡಿಗಳು ಎರಡು. ಶಿಖರ ಕಳೆದುಕೊಂಡು ಎರಡೂ ನೆಲದ ಮೇಲೇ ನಿಂತಿವೆ. ಗೋಡೆಯ ಬುಡದ ಪಟ್ಟಿಕೆಯಲ್ಲಿ ಹಂಸಗಳು 12ನೇ ಶತಮಾನದಿಂದ ಸಾಲುಗಟ್ಟಿ ಕಾಯುತ್ತಿವೆ, ಒಂದಕ್ಕೂ ಟೇಕಾಫ್ ಅನುಮತಿ ಸಿಕ್ಕಿಲ್ಲ. ಬೇಲೂರಿನಲ್ಲಂತೂ ಗರುಡನೇ ಚೆನ್ನಕೇಶವನ ಎದುರು ಕೈಮುಗಿದು ನಿಂತಿದ್ದಾನೆ. ದೇವರ ವಾಹನಕ್ಕೇ ಈ ಗತಿಯಾದರೆ ಮನುಷ್ಯನ ಟಿಕೆಟ್ಟಿನ ಮಾತೇನು!

ಸಿದ್ಧಾಂತವನ್ನು ಪ್ರಯೋಗದಿಂದಲೇ ಸಾಧಿಸಬೇಕೆಂದು ಹೊರಟೆ. ಅರಸೀಕೆರೆಯಲ್ಲಿ ರೈಲು ಹತ್ತಿ ಕಡೂರು, ಬೀರೂರು, ತರೀಕೆರೆ, ಭದ್ರಾವತಿ ಹಾದು ಶಿವಮೊಗ್ಗ. ಅಲ್ಲಿ ಸೋಗಾನೆಯಲ್ಲಿ 2023ರಲ್ಲಿ ತೆರೆದ ಕುವೆಂಪು ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹಾರಾಟ. ಮೋಡದ ಮೇಲಿಂದ ಕೆಳಗೆ ಇಣುಕಿ ಹಳೇಬೀಡನ್ನು ಹುಡುಕಿದೆ, ಪಕ್ಕದವರು ಏನು ಕಳೆದುಕೊಂಡಿರಿ ಎಂದು ಕೇಳಿದರು. ದೇವನಹಳ್ಳಿಯಲ್ಲಿ ಇಳಿದು, ಪಟ್ಟಣಕ್ಕೆ ಬಂದು, ಮತ್ತೆ ರೈಲು: ತುಮಕೂರು, ತಿಪಟೂರು, ಮುಂದಿನ ನಿಲ್ದಾಣ ಅರಸೀಕೆರೆ. ಅದೇ ಪ್ಲಾಟ್‌ಫಾರಂ, ಅದೇ ಕಾಗೆ, ಪ್ರಾಯಶಃ ಅದೇ ವಡೆ. ಉಳಿದದ್ದು ಜಾವಗಲ್ ಮೇಲಿನ ಬಸ್ ದಾರಿ ಮಾತ್ರ. ಅಂದರೆ ವಿಮಾನ ಸೇರಿಸಿದ್ದರಿಂದ ಬಸ್ಸಿನ ದೂರ ಒಂದು ಮಾರೂ ತಗ್ಗಲಿಲ್ಲ.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಎಲೆಅಡಿಕೆ ಬಿಚ್ಚಿ ಕೂತಿದ್ದ ಹಿರಿಯರೊಬ್ಬರನ್ನು ಬಸ್ ಯಾವಾಗ ಎಂದು ಕೇಳಿದೆ.

"ಇನ್ನೇನ್ ಬಂತು. ಯಾವ ಕಡೆಯಿಂದ ಬಂದ್ರಿ?"

"ಬೆಂಗಳೂರಿಂದ. ಅದಕ್ಕೂ ಮುಂಚೆ ವಿಮಾನದಲ್ಲಿ ಶಿವಮೊಗ್ಗದಿಂದ."

"ಹೊರಟಿದ್ದು?"

"ಇಲ್ಲಿಂದಲೇ."

ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, ಬೆಂಚಿನ ಮೇಲೆ ನನ್ನಿಂದ ತುಸು ಆಚೆ ಸರಿದು ಕೂತರು.