ಸಾಸಿವೆಯಷ್ಟು ನಿಂಬೆಹಣ್ಣು

24 ಎಂಬ ಸಂಖ್ಯೆ ನನ್ನನ್ನು ಕೆಡಿಸಿದಷ್ಟು ಇನ್ನಾವುದೂ ಕೆಡಿಸಿಲ್ಲ. ಕಣ್ಣಿಗೆ ಬಿದ್ದದ್ದನ್ನೆಲ್ಲ ಅದರಿಂದ ಭಾಗಿಸುತ್ತೇನೆ. ಮದುವೆಮನೆಯ ಪಂಕ್ತಿಯಲ್ಲಿ ಎದುರು ಕೂತವರ ಮೂಗನ್ನೂ ಬಿಟ್ಟವಳಲ್ಲ. ಕಾರಿನ ಮಾದರಿ ಕಟ್ಟುವವರ ಲೋಕದಲ್ಲಿ 1:24 ಅಂದರೆ ಅಸಲಿ ಗಾಡಿಯ ಇಪ್ಪತ್ನಾಲ್ಕನೇ ಒಂದು ಪಾಲು. 1:43, 1:64ರ ಪಂಗಡಗಳೂ ಇವೆ. ಬ್ಯಾಂಕಿನ ಕೆಲಸದಿಂದ ನಿವೃತ್ತಳಾದವಳಿಗೆ ಅಷ್ಟು ಚಿಕ್ಕದನ್ನು ಕಟ್ಟುವ ಕಣ್ಣು ಎಲ್ಲಿಂದ ಬರಬೇಕು?

ಮನೆಗೆ ಬಂದವರು ನನ್ನ ಪುಟ್ಟ ಕಾರುಗಳನ್ನು ನೋಡಿ ಮೊದಲು ಕೇಳುವುದು, "ಮೊಮ್ಮಗನಿಗಾ?" ಅಂತ. ಅಲ್ಲ, ನನಗೇ ಅಂದರೆ ಎರಡನೇ ಪ್ರಶ್ನೆ: "ಓಡತ್ತಾ?" ಅದಕ್ಕೂ ಇಲ್ಲ ಅಂದರೆ ನಮ್ಮ ಯಜಮಾನರ ಕಡೆ ತಿರುಗಿ ಮರುಕದಿಂದ ನೋಡುತ್ತಾರೆ. ಇವರ ಪೈಕಿ ಒಬ್ಬರ ಅಳಿಯ, "ಆಂಟಿ, ತ್ರೀಡಿ ಪ್ರಿಂಟ್ ಮಾಡಿಸಿದ್ರೆ ಒಂದೇ ದಿನದ ಕೆಲಸ" ಎಂದು ಉಪದೇಶ ಮಾಡಿ ಹೋದ. ಅವನಿಗೆ ಎರಡನೇ ಸಲ ಕೋಡುಬಳೆ ಹಾಕಲಿಲ್ಲ.

ಜಪಾನಿನ ಟಮಿಯಾ ಕಂಪನಿಯವರು ಪೋರ್ಷೆ, ಫೆರಾರಿ, ಸ್ಕೈಲೈನುಗಳನ್ನು ಬಿಡಿಬಿಡಿಯಾಗಿ ಡಬ್ಬಿಗೆ ತುಂಬಿ ಕಳಿಸುತ್ತಾರೆ. ಕತ್ತರಿಸು, ಉಜ್ಜು, ಅಂಟಿಸು, ಬಣ್ಣ ಹೊಡಿ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಸಂಸಾರ ಸುಖವಾಗಿರುತ್ತಿತ್ತು. ನನಗೆ ಅಂಬಾಸಿಡರ್ ಬೇಕಾಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ರೂಪ ಹೊತ್ತು, ಬಂಗಾಳದ ಉತ್ತರಪಾರಾದಲ್ಲಿ ತಯಾರಾಗಿ, ಮಂತ್ರಿಯಿಂದ ಹಿಡಿದು ಬಾಣಂತಿಯವರೆಗೆ ಎಲ್ಲರನ್ನೂ ಹೊತ್ತು, 2014ರಲ್ಲಿ ನಿಂತುಹೋದ ಗಾಡಿ ಅದು. ಟಮಿಯಾದವರಿಗೆ ಅದರ ಗೊಡವೆ ಇಲ್ಲ. ಸರಿ, ಮರದ ಅಚ್ಚು ಕೆತ್ತಿ, ಅದರ ಮೇಲೆ ಬಿಸಿ ಪ್ಲಾಸ್ಟಿಕ್ ಹಾಳೆ ಎಳೆದು, ಪುಟ್ಟಿ ತುಂಬಿ ಉಜ್ಜಿದೆ. ಬಂಪರಿಗೆ ಬೆಳ್ಳಿಬಣ್ಣದ ಹಾಳೆ, ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಹಾಳಾದ ಇಯರ್‌ಫೋನಿನ ಎಳೆ. ಹದಿನೆಂಟು ಸೆಂಟಿಮೀಟರ್ ಉದ್ದದ ಬಿಳಿ ಅಂಬಾಸಿಡರ್ ಮೇಜಿನ ಮೇಲೆ ನಿಂತಿತು.

ತೂಕದ ಹುಚ್ಚು ಹತ್ತಿದ್ದು ಆಗಲೇ. ಉದ್ದ ಇಪ್ಪತ್ನಾಲ್ಕು ಪಟ್ಟು ಇಳಿದರೆ ತೂಕ 24ರ ಘನದಷ್ಟು, ಅಂದರೆ 13,824 ಪಟ್ಟು ಇಳಿಯಬೇಕು. ಹನ್ನೊಂದು ನೂರು ಕೆಜಿ ಆಸುಪಾಸಿನ ಗಾಡಿಗೆ ಲೆಕ್ಕ ಎಂಬತ್ತು ಗ್ರಾಂ. ನನ್ನದು ಕಡಿಮೆ ತೂಗಿತು. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಹಿಂದಿನ ಸೀಟಿನಡಿ ಸೇರಿಸಿ ತಕ್ಕಡಿಗೆ ಇಟ್ಟೆ. ಎಂಬತ್ತು! ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಇಷ್ಟರಲ್ಲಿ ಆಯುಧಪೂಜೆ ಬಂತು. ಎಂಬತ್ತೆರಡರ ಅತ್ತೆ ಮೇಜಿನ ಬಳಿ ಬಂದು, "ಇದಕ್ಕೂ ಪೂಜೆ ಆಗ್ಬೇಕು" ಅಂದರು.

"ಇದು ಓಡಲ್ಲ ಅತ್ತೆ."

"ನಿನ್ನ ಹೊಲಿಗೆ ಮಿಷನ್ ಓಡತ್ತಾ? ಅದಕ್ಕೆ ಕುಂಕುಮ ಇಡಲ್ವಾ?"

ಮರುಮಾತಿಲ್ಲ. ಆದರೆ ಅತ್ತೆಯ ಬೆರಳಿನ ಕುಂಕುಮ ಬಾನೆಟ್ಟನ್ನೇ ಮುಚ್ಚಿಬಿಡುತ್ತಿತ್ತು, ಸೂಜಿಮೊನೆಯಿಂದ ಇಟ್ಟೆ. ಅಲ್ಲಿಂದ ಮಸಾಲೆ ಡಬ್ಬಿಯೇ ನನಗೆ ಸಂತೆಯಾಯಿತು. ಉಪ್ಪಿನಕಾಯಿಗೆ ತಂದಿದ್ದ ಹಳದಿ ಸಾಸಿವೆ ಎರಡು ಮಿಲಿಮೀಟರ್; ಗುಣಿಸಿದರೆ ಐದು ಸೆಂಟಿಮೀಟರಿಗೆ ತುಸು ಕಡಿಮೆ. ಅಪ್ಪಟ ನಿಂಬೆಹಣ್ಣು, ಬಣ್ಣವನ್ನೂ ಬಳಿಯಬೇಕಿಲ್ಲ! ಬಂಪರಿಗೆ ಕಟ್ಟುವ ಹಸಿಮೆಣಸಿನಕಾಯಿಗೆ ಜೀರಿಗೆ ಆರಿಸಿದೆ. ಅದು ಬ್ಯಾಡಗಿಯಷ್ಟು ಉದ್ದ ಬಂತು. ಅರ್ಧ ಕತ್ತರಿಸಿ ಹಸಿರು ಬಳಿದೆ. ದಾರಕ್ಕೆ ಗಸಗಸೆ ಅಂಟಿಸಿದರೆ ಸೇವಂತಿಗೆ ಹಾರ. ಕಾಬೂಲಿ ಕಡಲೆಯೇ ಬೂದುಗುಂಬಳ.

ನಾಲ್ಕು ಚಕ್ರದಡಿ ನಾಲ್ಕು ಸಾಸಿವೆ ಇಟ್ಟೆವು. ಅತ್ತೆ ಆರತಿ ಎತ್ತಿದರು. ಯಜಮಾನರು ಗಂಟೆ ಬಾರಿಸಿದರು. ನಾನು ಬೆರಳಿನಿಂದ ಗಾಡಿಯನ್ನು ಮುಂದಕ್ಕೆ ತಳ್ಳಿದೆ. ಎಂಬತ್ತು ಗ್ರಾಮಿನ ಗಾಡಿಗೆ ಸಾಸಿವೆ ಒಡೆಯುತ್ತದೆಯೇ? ಅಂಬಾಸಿಡರ್ ಗಂಭೀರವಾಗಿ ಸಾಸಿವೆ ಹತ್ತಿತು, ಇಳಿಯಿತು. ಮೂರು ನಿಂಬೆಹಣ್ಣು ಸಿಡಿದು ದಿವಾನದಡಿ ಸೇರಿದವು, ನಾಲ್ಕನೆಯದು ಆರತಿ ತಟ್ಟೆಗೆ ಹಾರಿತು. "ಅಪಶಕುನ" ಅಂದರು ಅತ್ತೆ. ಯಜಮಾನರು ಮೊಬೈಲ್ ಟಾರ್ಚ್ ಹಿಡಿದು ದಿವಾನದಡಿ ನುಗ್ಗಿ ನಿಂಬೆಹಣ್ಣು ಹುಡುಕಿದರು. ಸಿಕ್ಕಿದ್ದು ಎರಡು, ಅದರಲ್ಲೊಂದು ಹಳೇ ಕೊತ್ತಂಬರಿ ಬೀಜ. ಮತ್ತೆ ಇಟ್ಟೆವು, ಮತ್ತೆ ಹಾರಿದವು. ಕೊನೆಗೆ ಫಲಾಹಾರಕ್ಕೆ ನೆನೆಸಿದ್ದ ಸಬ್ಬಕ್ಕಿಗೆ ಅರಿಶಿನ ಹಚ್ಚಿ ಇಟ್ಟೆ. ನೆನೆದು ದಪ್ಪಗಾಗಿ ಅಳತೆ ಮೀರಿತ್ತು. "ಇರಲಿ ಬಿಡು, ಗಜನಿಂಬೆ" ಎಂದು ಅತ್ತೆಯೇ ದಾರಿ ತೋರಿಸಿದರು. ಪಚಕ್ ಅಂತು. ದೃಷ್ಟಿ ಹೋಯಿತು. ಕಡಲೆಯನ್ನು ಅತ್ತೆ ಎಲೆಯಡಿಕೆ ಕುಟ್ಟಾಣಿಯಲ್ಲಿ ಒಡೆದರು.

ಪ್ರಸಾದಕ್ಕೆಂದು ನಮ್ಮ ಬೀದಿಯ ಹಳೇ ಟ್ಯಾಕ್ಸಿ ಡ್ರೈವರು ಬಂದರು. ಆಯುಷ್ಯವೆಲ್ಲ ಅಂಬಾಸಿಡರ್ ಓಡಿಸಿದವರು, ಈಗ ಕಣ್ಣು ಮಂದ. ಗಾಡಿಯನ್ನು ಅಂಗೈಮೇಲಿಟ್ಟು ಬೆರಳಲ್ಲೇ ತಡವಿದರು. "ಗೇರು ಸ್ಟೇರಿಂಗ್ ಪಕ್ಕದಲ್ಲೇ ಇಟ್ಟಿದ್ದೀರಿ. ಸರಿಯಾಗಿದೆ ಅಮ್ಮಾವ್ರೆ" ಅಂದರು. ನಾನು ಉಬ್ಬಿ, ತೂಕವೂ ಸರಿಯಾಗಿದೆ, ಎಂಬತ್ತು ಗ್ರಾಂ ಎಂದು ಲೆಕ್ಕ ಶುರುಮಾಡಿದೆ.

"ನಂದನ್ನ ಗುಜರಿಯವನು ಕೆಜಿ ಲೆಕ್ಕದಲ್ಲಿ ತಗೊಂಡ" ಅಂದರು ಅವರು. "ಸೀಟು, ಟಯರು, ಗಾಜು ಎಲ್ಲ ಕಿತ್ತಾಕಿ, ಬರೀ ಕಬ್ಬಿಣ ತೂಕಕ್ಕಿಟ್ಟ. ನನ್ನೆದುರಿಗೇ."

ಮುಂದಿನ ಲೆಕ್ಕ ನನ್ನ ಬಾಯಿಂದ ಹೊರಡಲಿಲ್ಲ. ಅತ್ತೆ ಒಳಗೆ ಹೋಗಿ ಕಾಫಿ ತಂದರು. ಹೊರಡುವಾಗ ಡ್ರೈವರು ತಮ್ಮ ಗಾಡಿಯ ನಂಬರ್ ಹೇಳಿದರು. ಬರೆದುಕೊಂಡು, ಈಗ ಅದನ್ನೇ ಪ್ಲೇಟಿಗೆ ಹಾಕಿದ್ದೇನೆ.

ನಿಮ್ಮ ಹಿತ್ತಲಲ್ಲೋ ಕೊಟ್ಟಿಗೆಯಲ್ಲೋ ಅಂಬಾಸಿಡರ್ ನಿಂತಿದ್ದರೆ, ತೂಕಕ್ಕೆ ಹಾಕುವ ಮುಂಚೆ ನನಗೊಂದು ಮಾತು ಹೇಳಿ. ಟೇಪು, ನೋಟ್‌ಬುಕ್ಕು ಹಿಡಿದು ಬಂದು ಡಿಕ್ಕಿಯ ಒಳಗಿನ ಅಳತೆ ತೆಗೆದುಕೊಂಡು ಹೋಗುತ್ತೇನೆ. ಅದೊಂದು ಇನ್ನೂ ಬಾಕಿ ಇದೆ.